ಪ್ರವಾಸದ ಊರಿನಲ್ಲಿ ಛಾಯಾಗ್ರಾಹಕರನ್ನು ಗೊತ್ತುಮಾಡಿಕೊಳ್ಳುವ ಮುನ್ನ

ಪ್ರವಾಸಕ್ಕೆ ಹೋದ ನಗರದಲ್ಲಿ ಒಂದೆರಡು ಗಂಟೆಗಳ ಮಟ್ಟಿಗೆ ಖಾಸಗಿ ಛಾಯಾಗ್ರಾಹಕರೊಬ್ಬರನ್ನು ಗೊತ್ತುಮಾಡಿಕೊಂಡು ಕುಟುಂಬದ್ದೋ ದಂಪತಿಯದ್ದೋ ಭಾವಚಿತ್ರಗಳನ್ನು ತೆಗೆಸಿಕೊಳ್ಳುವುದು ಈಗ ಅಪರೂಪವೇನಲ್ಲ. ಈ ಕೆಲಸದಲ್ಲಿರುವ ನಮಗೆ ಬರುವ ಮೊದಲ ಸಂದೇಶಗಳಲ್ಲಿ ಬಹುಪಾಲು ಎರಡೇ ಪ್ರಶ್ನೆಗಳಿರುತ್ತವೆ: ಹಣ ಎಷ್ಟು, ಫೋಟೋ ಎಷ್ಟು. ಯಾವ ಹೊತ್ತಿಗೆ ಮತ್ತು ಎಲ್ಲಿ ನಿಂತು ಎಂಬ ಮಾತು ಕಡೆಗೆ, ಅದೂ ನಾವೇ ಎತ್ತಿದರೆ ಮಾತ್ರ ಬರುತ್ತದೆ. ಆದರೆ ಚಿತ್ರಗಳು ಒದಗಿಬರುವುದೂ ಕೆಡುವುದೂ ಹೆಚ್ಚಾಗಿ ಅಲ್ಲಿಯೇ ತೀರ್ಮಾನವಾಗಿರುತ್ತದೆ. ಕ್ಯಾಮೆರಾ ಇಂದು ಎಲ್ಲರ ಕಿಸೆಯಲ್ಲೂ ಇದೆ. ಆ ಊರಿನ ಬೆಳಕು ಯಾವ ತಿಂಗಳಲ್ಲಿ ಯಾವ ಗೋಡೆಯ ಮೇಲೆ ಎಷ್ಟು ಹೊತ್ತು ಬೀಳುತ್ತದೆ ಎಂಬ ತಿಳಿವಳಿಕೆ ಅಲ್ಲಿಯೇ ಕೆಲಸ ಮಾಡುವವರ ಬಳಿ ಇರುತ್ತದೆ, ಮತ್ತು ನೀವು ಹಣ ಕೊಡುವುದು ಮುಖ್ಯವಾಗಿ ಅದಕ್ಕೆ.

ಸೂರ್ಯ ದಿಗಂತದಿಂದ ಮೇಲೆ ಸುಮಾರು 6 ಡಿಗ್ರಿಯೊಳಗಿರುವ ಬೆಳಗು ಮತ್ತು ಸಂಜೆಯ ಹೊತ್ತನ್ನು ವೃತ್ತಿಯವರು ಗೋಲ್ಡನ್ ಅವರ್ ಎಂದು ಕರೆಯುತ್ತಾರೆ. ಆಗ ಬೆಳಕು ವಾತಾವರಣದ ಹೆಚ್ಚು ದಪ್ಪ ಪದರವನ್ನು ಹಾದು ಬರುವುದರಿಂದ ಅದರ ನೀಲಿ ಅಂಶ ದಾರಿಯಲ್ಲೇ ಚದುರಿ ಹೋಗುತ್ತದೆ, ಉಳಿದ ಬೆಚ್ಚನೆಯ ಬಣ್ಣದ ಬೆಳಕು ಮೇಲಿನಿಂದಲ್ಲದೆ ಪಕ್ಕದಿಂದ ಮುಖಕ್ಕೆ ತಾಗುತ್ತದೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಆದರೆ ಈ ಹೊತ್ತು ಎಲ್ಲ ಊರುಗಳಲ್ಲೂ ಒಂದೇ ಅಳತೆಯದಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ಸಿಂಗಪುರದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುವುದರಿಂದ ಆ 6 ಡಿಗ್ರಿಗಳು ಸುಮಾರು 25 ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಜೂನ್ ತಿಂಗಳ ಪ್ಯಾರಿಸ್‌ನಲ್ಲಿ ಅವನು ಓರೆಯಾಗಿ ಜಾರುವುದರಿಂದ ಅಷ್ಟೇ ಇಳಿತಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾಗಾಗಿ ಸಿಂಗಪುರದಲ್ಲಿ ಸಂಜೆಯ ಬೆಳಕಿನಲ್ಲಿ ಮೂರು ಜಾಗ ಸುತ್ತಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅವರ ಲೆಕ್ಕದಲ್ಲಿ ಏನೋ ಎಡವಟ್ಟಿದೆ ಎಂದೇ ತಿಳಿಯಬೇಕು.

ಗಡಿಯಾರದ ವಿಷಯವೂ ಹೀಗೆಯೇ. ಪ್ಯಾರಿಸ್‌ನಲ್ಲಿ ಜೂನ್ ಕೊನೆಯ ಸೂರ್ಯೋದಯ ಬೆಳಿಗ್ಗೆ 6ಕ್ಕೂ ಮೊದಲು, ಸೂರ್ಯಾಸ್ತ ರಾತ್ರಿ 10ರ ಸುಮಾರಿಗೆ. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಇವೆರಡೂ ಒಗ್ಗುವುದಿಲ್ಲ. ಅದೇ ಊರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗ 8 ಗಂಟೆ 40 ನಿಮಿಷ ಆಗಿರುತ್ತದೆ. ಮಕ್ಕಳಿಗೆ ತಿಂಡಿ ಮುಗಿಸಿ, ನಿಧಾನವಾಗಿ ಹೊರಟರೂ ಬೆಳಗಿನ ಮೊದಲ ಬೆಳಕು ಸಿಗುತ್ತದೆ. ಆದರೆ ಅಲ್ಲಿಗೇ ಎಲ್ಲವೂ ಸರಿಹೋಗುವುದಿಲ್ಲ. ಐಫೆಲ್ ಗೋಪುರದ ಎದುರು ನಿಲ್ಲಲು ಪ್ರವಾಸಿಗರೆಲ್ಲ ಹೋಗುವ ತ್ರೊಕಾದೆರೊ ದಿಬ್ಬದಿಂದ ನೋಡಿದರೆ ಗೋಪುರ ಆಗ್ನೇಯ ದಿಕ್ಕಿಗೆ ಬೀಳುತ್ತದೆ, ಡಿಸೆಂಬರಿನ ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಅಂದರೆ ಆ ತಿಂಗಳ ಮುಂಜಾನೆ ನೀವು, ಬೆಳಕು ಬೆನ್ನ ಹಿಂದಿನಿಂದ ಬರುವ ಪೂರ್ತಿ ಬ್ಯಾಕ್‌ಲೈಟ್‌ನಲ್ಲಿ ನಿಂತಿರುತ್ತೀರಿ, ಗೋಪುರ ಕಪ್ಪಾಗಿ ಕಾಣುತ್ತದೆ, ಮುಖಕ್ಕೆ ಬೆಳಕು ಬೇಕೆಂದರೆ ಬೆಳಕನ್ನು ಮರಳಿಸುವ ಫಲಕ (ರಿಫ್ಲೆಕ್ಟರ್) ಅಥವಾ ಫ್ಲ್ಯಾಶ್ ಬೇಕಾಗುತ್ತದೆ. ಜೂನ್‌ನಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟುವುದರಿಂದ ಅದೇ ಜಾಗದಲ್ಲಿ ಬೆಳಕು ಎಡಗಡೆಯಿಂದ ಬಂದು ಮುಖವನ್ನೂ ಗೋಪುರದ ಒಂದು ಬದಿಯನ್ನೂ ಬೆಳಗುತ್ತದೆ. ಒಂದೇ ಜಾಗದಲ್ಲಿ, ಒಂದೇ ಕ್ಯಾಮೆರಾದಲ್ಲಿ ಆರು ತಿಂಗಳ ಅಂತರದಲ್ಲಿ ತೆಗೆದ ಚಿತ್ರಗಳು ಒಂದನ್ನೊಂದು ಹೋಲದಿರುವುದಕ್ಕೆ ಕಾರಣ ಇದು. ನೀವು ಮೆಚ್ಚಿ ಕಳುಹಿಸುವ ಮಾದರಿ ಚಿತ್ರ ಯಾವ ತಿಂಗಳಿನದು ಎಂದು ನಾವು ವಿಚಾರಿಸುವುದೂ ಇದಕ್ಕಾಗಿಯೇ.

ಮಧ್ಯಾಹ್ನವೇ ಆಗಬೇಕು, ಬೇರೆ ಹೊತ್ತು ಇಲ್ಲವೇ ಇಲ್ಲ ಎಂಬ ಪರಿಸ್ಥಿತಿಯೂ ಇರುತ್ತದೆ. ಆಗ ಬಯಲಾದ ಚೌಕಗಳನ್ನು ಕೈಬಿಟ್ಟು ಹಳೆಯ ಬಡಾವಣೆಯ ಇಕ್ಕಟ್ಟಾದ ಬೀದಿ, ಕಮಾನು, ಕಂಬಗಳ ಸಾಲು ಇಂಥವುಗಳನ್ನು ಹುಡುಕಬೇಕು. ಒಂದು ಬದಿಯ ಗೋಡೆಗೆ ಬಿಸಿಲು ಬಿದ್ದು ಎದುರು ಬದಿಯ ನೆರಳಿಗೆ ಮರಳಿ ಬರುವ ಬೆಳಕು ಬಹಳ ಮೃದುವಾಗಿರುತ್ತದೆ. ನೆರಳಿನ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ ನಿಲ್ಲಿಸಿದರೆ ಬೆಳಕನ್ನು ಮೃದುಗೊಳಿಸುವ ಸ್ಟುಡಿಯೋದ ಸಾಫ್ಟ್‌ಬಾಕ್ಸ್ ಬೇಕೆನಿಸುವುದಿಲ್ಲ. ಹುಲ್ಲುಹಾಸಿನ ಮೇಲೆ ಮಾತ್ರ ಬೇಡ, ನಡುಹಗಲಿನಲ್ಲಿ ಅದರ ಹಸಿರು ಗಲ್ಲದ ಅಡಿಗೆ ಬಳಿದುಕೊಳ್ಳುತ್ತದೆ. ಮೋಡ ಕವಿದ ದಿನದ ಬಗ್ಗೆ ಜನ ವಿನಾಕಾರಣ ಬೇಸರಪಡುತ್ತಾರೆ. ಭಾವಚಿತ್ರಕ್ಕೆ ಅದು ಒಳ್ಳೆಯ ದಿನ, ಆಕಾಶವನ್ನು ಚಿತ್ರದಲ್ಲಿ ಸೇರಿಸದಿದ್ದರಾಯಿತು.

ಜಾಗದ ಆಯ್ಕೆಯಲ್ಲಿ ನಾನು ಪದೇಪದೇ ಕಾಣುವ ತಪ್ಪು ಗ್ರಹಿಕೆಯೆಂದರೆ, ಸ್ಮಾರಕ ಚಿತ್ರದಲ್ಲಿ ದೊಡ್ಡದಾಗಿ ಬರಬೇಕಾದರೆ ಅದರ ಬುಡಕ್ಕೇ ಹೋಗಿ ನಿಲ್ಲಬೇಕು ಎಂಬುದು. ಬುಡದಲ್ಲಿ ನಿಂತರೆ ಛಾಯಾಗ್ರಾಹಕರು ನೆಲಕ್ಕೆ ಬಗ್ಗಿ ಮೇಲ್ಮುಖವಾಗಿ ತೆಗೆಯಬೇಕಾಗುತ್ತದೆ, ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ನಿಮ್ಮ ಗಲ್ಲ ಮತ್ತು ಮೂಗಿನ ಹೊಳ್ಳೆಗಳು ಮುಂದಾಗುತ್ತವೆ. ಮಾಡಬೇಕಾದದ್ದು ಇದರ ತಿರುಗುಮುರುಗು. ಸ್ಮಾರಕ ಅರ್ಧ ಕಿಲೋಮೀಟರು ದೂರದಲ್ಲಿರಲಿ. ನಿಮ್ಮ ಮುಂದೆ 2 ಮೀಟರು ದೂರದಲ್ಲಿದ್ದ ಛಾಯಾಗ್ರಾಹಕರು 10 ಮೀಟರು ದೂರಕ್ಕೆ ಹಿಂದೆ ಸರಿಯಲಿ. ನೀವು ಮೊದಲಿನ ಐದನೇ ಒಂದು ಪಾಲಿಗೆ ಕುಗ್ಗುತ್ತೀರಿ, ಆದರೆ ಅರ್ಧ ಕಿಲೋಮೀಟರಿಗೆ ಎಂಟು ಮೀಟರು ಸೇರಿದರೆ ಸ್ಮಾರಕದ ಗಾತ್ರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಬದಲಾವಣೆಯಾಗುವುದಿಲ್ಲ. ಈಗ ಅಗಲ ನೋಟದ 28 ಮಿಲಿಮೀಟರಿನ (ವೈಡ್) ಲೆನ್ಸ್ ಬದಲು ದೂರದ್ದನ್ನು ಹತ್ತಿರಕ್ಕೆ ತರುವ 135 ಮಿಲಿಮೀಟರಿನದನ್ನು ಹಾಕಿ ನಿಮ್ಮನ್ನು ಮೊದಲಿನ ಗಾತ್ರಕ್ಕೆ ತಂದರೆ ಹಿಂದಿನ ಸ್ಮಾರಕ ಐದು ಪಟ್ಟಿನ ಆಸುಪಾಸಿಗೆ ಬೆಳೆದು ನಿಮ್ಮ ಬೆನ್ನಿಗೇ ಬಂದು ನಿಲ್ಲುತ್ತದೆ. ಜೊತೆಗೆ, ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದಾಗ ಮೂಗು ಉಬ್ಬಿ ಕಿವಿ ಹಿಂದೆ ಸರಿದಂತೆ ಕಾಣುವ ತೊಂದರೆಯೂ ಇಲ್ಲವಾಗುತ್ತದೆ, ಏಕೆಂದರೆ ಮುಖದ ಆಕಾರವನ್ನು ಕೆಡಿಸುವುದು ಲೆನ್ಸ್ ಅಲ್ಲ, ಅಂತರ. ಹೀಗಾಗಿ ಹಿಂದೆ ಸರಿಯಲು ಜಾಗವಿರುವ ಸೇತುವೆ, ನದಿಯ ದಂಡೆ, ಉದ್ದನೆಯ ನೇರ ರಸ್ತೆ ಇವು ಸ್ಮಾರಕದ ಅಂಗಳಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿ ಜನಸಂದಣಿಯೂ ಕಡಿಮೆ ಎಂಬುದು ಹೆಚ್ಚುವರಿ ಲಾಭ.

ಛಾಯಾಗ್ರಾಹಕರನ್ನು ಆರಿಸುವಾಗ ಜಾಲತಾಣದ ಪೋರ್ಟ್‌ಫೋಲಿಯೊ ನೋಡಿ ಮರುಳಾಗಬಾರದು. ಅದರಲ್ಲಿರುವುದು ಅವರ ವರ್ಷಗಳ ದುಡಿಮೆಯಿಂದ ಹೆಕ್ಕಿದ ಅತ್ಯುತ್ತಮ ಚಿತ್ರಗಳು, ಕೆಲವೊಮ್ಮೆ ರೂಪದರ್ಶಿಗಳನ್ನೇ ಕರೆಸಿ ತೆಗೆದವು. ಅದರ ಬದಲು ನಿಮ್ಮಂಥದೇ ಗುಂಪಿನ, ನೀವು ಹೋಗುವ ಋತುವಿನ, ಒಂದೇ ಶೂಟ್‌ನ ಪೂರ್ತಿ ಗ್ಯಾಲರಿಯನ್ನು ಕೇಳಿ. ಗ್ರಾಹಕರ ಒಪ್ಪಿಗೆ ಪಡೆದು ತೋರಿಸಲು ಸಿದ್ಧವಿಟ್ಟುಕೊಂಡ ಒಂದೆರಡು ಪೂರ್ಣ ಗ್ಯಾಲರಿಗಳು ಅನುಭವಸ್ಥರ ಬಳಿ ಇದ್ದೇ ಇರುತ್ತವೆ. ಅದರಲ್ಲಿ ಮೊದಲ ಹತ್ತು ಚಿತ್ರಗಳನ್ನು ಬಿಟ್ಟು ನಡುವಿನವನ್ನು ನೋಡಿ: ಹಿನ್ನೆಲೆಯ ಕಂಬ ಯಾರದೋ ತಲೆಯಿಂದ ಮೊಳೆತಂತಿದೆಯೇ, ಐದು ಮಂದಿಯ ಗುಂಪಿನಲ್ಲಿ ಎಲ್ಲರ ಕಣ್ಣೂ ತೆರೆದಿದೆಯೇ, ಕಂದು ಬಣ್ಣದ ಚರ್ಮ ಎಡಿಟಿಂಗ್‌ನಲ್ಲಿ ಬೂದಿಯಾಗಿಯೋ ಕಿತ್ತಳೆಯಾಗಿಯೋ ತಿರುಗಿದೆಯೇ. ಕೊನೆಯದನ್ನು ನಮ್ಮಂಥವರು ವಿಶೇಷವಾಗಿ ಗಮನಿಸಬೇಕು. ಈಗ ಚಾಲ್ತಿಯಲ್ಲಿರುವ, ಚಿತ್ರದ ಬಣ್ಣವನ್ನು ಒಮ್ಮೆಲೇ ಬದಲಿಸುವ ಸಿದ್ಧ ಪ್ರಿಸೆಟ್‌ಗಳಲ್ಲಿ ಹಲವು ಬಿಳಿ ಚರ್ಮವನ್ನು ನೋಡಿಕೊಂಡು ಹೊಂದಿಸಿದವು, ಅವನ್ನು ಹಾಗೆಯೇ ಹಾಕಿದರೆ ನಮ್ಮ ಮೈಬಣ್ಣ ತನ್ನದಲ್ಲದ ಛಾಯೆಗೆ ಹೊರಳುತ್ತದೆ. ಫ್ಲೈಟೋಗ್ರಾಫರ್‌ನಂತಹ ಮಧ್ಯವರ್ತಿ ವೇದಿಕೆಗಳ ಮೂಲಕ ಗೊತ್ತುಮಾಡಿದರೆ ಹಣ ಮತ್ತು ರದ್ದತಿಯ ವ್ಯವಹಾರ ಸುಸೂತ್ರ, ಆದರೆ ನಿಮ್ಮ ದಿನಕ್ಕೆ ಬರುವವರು ಯಾರು ಎಂಬುದನ್ನು ಹೆಸರು ಹಿಡಿದು ಖಚಿತಪಡಿಸಿಕೊಳ್ಳಿ.

ಅನುಮತಿಯ ವಿಷಯವನ್ನು ಛಾಯಾಗ್ರಾಹಕರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವುದು ಸರಿಯಲ್ಲ. ನ್ಯೂಯಾರ್ಕ್‌ನಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ ಅಥವಾ ಟ್ರೈಪಾಡ್‌ನಿಂದ ಸಾರ್ವಜನಿಕ ಬೀದಿಯಲ್ಲಿ, ಜಾಗವನ್ನು ತಮ್ಮದಾಗಿಸಿಕೊಳ್ಳದೆ ಚಿತ್ರ ತೆಗೆಯಲು ನಗರದ ಪರವಾನಗಿ ಬೇಕಿಲ್ಲ. ಲಂಡನ್‌ನ ಟ್ರಫಾಲ್ಗರ್ ಚೌಕದಲ್ಲಿ ಹಣ ಪಡೆದು ಚಿತ್ರ ತೆಗೆಯುವವರಿಗೆ ಲಿಖಿತ ಅನುಮತಿ ಬೇಕು. ತಾಜ್ ಮಹಲಿನೊಳಗೆ ವಿಶೇಷ ಅನುಮತಿಯಿಲ್ಲದೆ ಟ್ರೈಪಾಡ್ ಒಯ್ಯುವಂತಿಲ್ಲ, ಶುಕ್ರವಾರ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ಕಾವಲುಗಾರರು ಬಂದು ತಡೆದರೆ ಹೋಗುವುದು ನಿಮ್ಮ ಸಮಯ. ಆದ್ದರಿಂದ ಗೊತ್ತುಪಡಿಸಿದ ಪ್ರತಿಯೊಂದು ಜಾಗಕ್ಕೂ ಅನುಮತಿ ಬೇಕೇ, ಬೇಕಿದ್ದರೆ ಅದರ ಶುಲ್ಕ ಯಾರದು ಎಂದು ಮೊದಲೇ ಕೇಳಬೇಕು. ನಿಮ್ಮೂರಿನ ಪರಿಚಿತ ಛಾಯಾಗ್ರಾಹಕರನ್ನೇ ಹೊರದೇಶಕ್ಕೆ ಜೊತೆಗೆ ಕರೆದೊಯ್ಯುವ ಆಲೋಚನೆಯಿದ್ದರೆ ಇನ್ನೊಂದು ಎಚ್ಚರಿಕೆ ಬೇಕು: ಹಣ ಪಡೆದು ಕೆಲಸ ಮಾಡಲು ಪ್ರವಾಸಿ ವೀಸಾ ಬಹುತೇಕ ದೇಶಗಳಲ್ಲಿ ಸಾಲದು.

ಇನ್ನು ಬರವಣಿಗೆಯಲ್ಲಿರಬೇಕಾದ ಮಾತುಗಳು. ಹಣ ಕೊಟ್ಟವರು ನಾವು, ಚಿತ್ರ ನಮ್ಮದೇ ಎಂದು ಗ್ರಾಹಕರು ಸಹಜವಾಗಿ ಭಾವಿಸುತ್ತಾರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪ್ರತಿಫಲ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯರು ತೆಗೆಸಿದವರೇ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಸಾಮಾನ್ಯ ನಿಯಮ ಇದಕ್ಕೆ ವಿರುದ್ಧ: ಸ್ವತಂತ್ರವಾಗಿ ದುಡಿಯುವ ಛಾಯಾಗ್ರಾಹಕರೇ ಒಡೆಯರು, ನಿಮಗೆ ದೊರೆಯುವುದು ಬಳಕೆಯ ಪರವಾನಗಿ. ಆದರೂ ಬ್ರಿಟನ್ನಿನ 1988ರ ಕಾಯ್ದೆ ಖಾಸಗಿ ಮತ್ತು ಕೌಟುಂಬಿಕ ಉದ್ದೇಶಕ್ಕೆ ಚಿತ್ರ ತೆಗೆಸಿದವರಿಗೆ, ಅವನ್ನು ಸಾರ್ವಜನಿಕವಾಗಿ ಪ್ರಕಟಿಸದಂತೆ ತಡೆಯುವ ಹಕ್ಕನ್ನು ಕೊಟ್ಟಿದೆ. ಊರಿಂದೂರಿಗೆ ಕಾನೂನು ಹೀಗೆ ತಲೆಕೆಳಗಾಗುವುದರಿಂದ ಒಪ್ಪಂದದಲ್ಲಿ ಎರಡು ಸಾಲು ಬರೆಸಿಕೊಳ್ಳುವುದೇ ಕ್ಷೇಮ. ನೀವು ಮುದ್ರಿಸಬಹುದೇ, ಹಂಚಿಕೊಳ್ಳಬಹುದೇ ಎಂಬುದು ಒಂದು; ಅವರು ನಿಮ್ಮ ಚಿತ್ರವನ್ನು ತಮ್ಮ ಪ್ರಚಾರಕ್ಕೆ ಬಳಸಬಹುದೇ ಎಂಬುದು ಇನ್ನೊಂದು. ಮಕ್ಕಳ ಚಿತ್ರಗಳ ವಿಷಯದಲ್ಲಿ ಎರಡನೆಯದಕ್ಕೆ ಬೇಡ ಎನ್ನಲು ಸಂಕೋಚ ಬೇಕಿಲ್ಲ. ವೃತ್ತಿಧರ್ಮವುಳ್ಳವರು ಅದಕ್ಕೆ ಹೆಚ್ಚು ಹಣವನ್ನೂ ಕೇಳುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ.

ಅಡ್ವಾನ್ಸ್ ಕೇಳುವುದು ನ್ಯಾಯವೇ, ಆ ದಿನವನ್ನು ಅವರು ಬೇರೆಯವರಿಗೆ ಕೊಡುವುದಿಲ್ಲ. ಆದರೆ ಮಳೆ ಬಂದರೆ ದಿನ ಮುಂದೂಡುವ ಅವಕಾಶವಿದೆಯೇ, ವಿಮಾನ ತಪ್ಪಿದರೆ ಏನು ಎಂಬುದು ಸ್ಪಷ್ಟವಿರಲಿ. ಶೂಟ್ ಅನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಂಡರೆ ಮುಂದೂಡಲು ದಿನವೇ ಉಳಿದಿರುವುದಿಲ್ಲ. ಮೊದಲ ದಿನಕ್ಕೆ ಇಟ್ಟರೆ ಪ್ರಯಾಣದ ಆಯಾಸ ಕಣ್ಣಲ್ಲಿ ಕಾಣುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಒಳ್ಳೆಯದು. ದೂರದಿಂದ ಪಶ್ಚಿಮಕ್ಕೆ ಹಾರಿ ಬಂದವರಿಗೆ ಮೊದಲ ಕೆಲವು ದಿನ ಬೆಳಗಿನ ಜಾವವೇ ಎಚ್ಚರವಾಗಿಬಿಡುವುದರಿಂದ ಸೂರ್ಯೋದಯದ ಹೊತ್ತು ಕಷ್ಟವೆನಿಸುವುದಿಲ್ಲ. ಪೂರ್ವಕ್ಕೆ ಬಂದವರಿಗೆ ಸಂಜೆಯೇ ಹಿತ.

ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಒಂದೇ ಬಣ್ಣ ತೊಡುವುದಕ್ಕಿಂತ ಪರಸ್ಪರ ಹೊಂದುವ ಬಣ್ಣಗಳು ಚೆಂದ. ಬಹಳ ಸಣ್ಣ ಪಟ್ಟೆ ಮತ್ತು ಚೌಕುಳಿಗಳು ಡಿಜಿಟಲ್ ಸೆನ್ಸರ್ ಮೇಲೆ ಅಲೆಯಂತಹ ವಿಚಿತ್ರ ಗೆರೆಗಳನ್ನು ಮೂಡಿಸುತ್ತವೆ, ಅವನ್ನು ಆಮೇಲೆ ಅಳಿಸುವುದು ಕಷ್ಟ. ನಡೆಯಲಾಗದ ಚಪ್ಪಲಿ ಹಾಕಿಕೊಂಡವರ ಮುಖದಲ್ಲಿ ಅರ್ಧ ಗಂಟೆಯ ನಂತರ ನಗು ಉಳಿದಿರುವುದಿಲ್ಲ. ಮಕ್ಕಳಿದ್ದರೆ ಅವರ ಚಿತ್ರಗಳನ್ನು ಮೊದಲು ಮುಗಿಸಿ, ಹಿರಿಯರ ಸರದಿ ಆಮೇಲೆ ಬರಲಿ. ಮಕ್ಕಳ ತಾಳ್ಮೆ ಮುಗಿಯುವ ಹೊತ್ತಿಗೆ ದೊಡ್ಡವರ ಬಿಗುವು ಸಡಿಲವಾಗಿರುತ್ತದೆ. ಮೊದಲ ಹತ್ತು ನಿಮಿಷ ಬಹುತೇಕ ಎಲ್ಲರೂ ಸೆಟೆದುಕೊಂಡೇ ನಿಲ್ಲುತ್ತಾರೆಂದು ಗೊತ್ತಿರುವುದರಿಂದ ನಾನು ಮುಖ್ಯವಾದ ಜಾಗವನ್ನು ಎಂದೂ ಮೊದಲಿಗೆ ಇಟ್ಟುಕೊಳ್ಳುವುದಿಲ್ಲ. ಪಕ್ಕದ ಬೀದಿಯಲ್ಲಿ ಸ್ವಲ್ಪ ದೂರ ನಡೆಸಿ, ಮಾತಾಡಿಸಿ, ಅಲ್ಲೇ ಒಂದಷ್ಟು ಕ್ಲಿಕ್ಕಿಸುತ್ತೇನೆ. ಅವುಗಳಲ್ಲಿ ಬಹಳಷ್ಟು ಗ್ಯಾಲರಿಗೆ ಬರುವುದಿಲ್ಲ.

ಚಿತ್ರಗಳನ್ನು ಪಡೆಯುವಾಗ ಸಂಖ್ಯೆಗಿಂತ ಗಾತ್ರವನ್ನು ಗಮನಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಪೂರ್ಣ ಫೈಲ್ 6000 x 4000 ಪಿಕ್ಸೆಲ್ ಇರುತ್ತದೆ, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 20 ಇಂಚು ಅಗಲಕ್ಕೆ ಮುದ್ರಿಸಬಹುದು. ಜಾಲತಾಣಕ್ಕೆಂದು 2048 ಪಿಕ್ಸೆಲ್‌ಗೆ ಕುಗ್ಗಿಸಿದ ಪ್ರತಿಯನ್ನಷ್ಟೇ ಕೊಟ್ಟರೆ ಅದೇ ಲೆಕ್ಕದಲ್ಲಿ 7 ಇಂಚೂ ದಾಟದು. ಪೂರ್ಣ ಗಾತ್ರದ ಜೆಪೆಗ್ ಪ್ರತಿಗಳು ಶುಲ್ಕದಲ್ಲೇ ಸೇರಿವೆಯೇ ಎಂದು ಕೇಳುವುದು ಇದಕ್ಕಾಗಿ. ಎಡಿಟ್ ಮಾಡುವ ಮುನ್ನ ಕ್ಯಾಮೆರಾ ದಾಖಲಿಸಿದ ಮೂಲವನ್ನು, ಅಂದರೆ ರಾ ಫೈಲ್‌ಗಳನ್ನು ಕೇಳುವವರೂ ಇದ್ದಾರೆ. ಸಾಮಾನ್ಯವಾಗಿ ನಾವು ಕೊಡುವುದಿಲ್ಲ, ಮತ್ತು ಅದಕ್ಕೆ ತಕ್ಕ ಸಾಫ್ಟ್‌ವೇರ್ ಇಲ್ಲದವರಿಗೆ ಅವು ಕೆಲಸಕ್ಕೂ ಬರುವುದಿಲ್ಲ. ಗ್ಯಾಲರಿಯ ಲಿಂಕ್‌ಗೆ ಅವಧಿಯಿದ್ದರೆ ಅದು ಮುಗಿಯುವುದರೊಳಗೆ ಎಲ್ಲವನ್ನೂ ಇಳಿಸಿಕೊಂಡು ಎರಡು ಕಡೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಮೂಲವೆಂದು ಭಾವಿಸಬೇಡಿ, ಚಿತ್ರವಾಗಿ ಕಳುಹಿಸಿದಾಗ ಅದು ಫೈಲನ್ನು ಕುಗ್ಗಿಸುತ್ತದೆ. ಬಣ್ಣದಲ್ಲೋ ರೀಟಚಿಂಗ್‌ನಲ್ಲೋ ಬದಲಾವಣೆ ಬೇಕೆನಿಸಿದರೆ ಚಿತ್ರಗಳ ಸಂಖ್ಯೆ ಸಹಿತ ಒಂದೇ ಪಟ್ಟಿ ಮಾಡಿ, ಒಪ್ಪಂದದಲ್ಲಿ ಹೇಳಿದ ದಿನಗಳೊಳಗೆ ಒಂದೇ ಸಲ ಕಳುಹಿಸಿ. ಮನೆಯ ಒಬ್ಬೊಬ್ಬರೂ ಬೇರೆಬೇರೆಯಾಗಿ ಬರೆದಾಗ ಒಬ್ಬರು ಸರಿಪಡಿಸಿ ಎಂದದ್ದನ್ನೇ ಇನ್ನೊಬ್ಬರು ಹಾಗೇ ಇರಲಿ ಎಂದಿರುತ್ತಾರೆ.