ಹಸಿರು ಕಟ್ಟಡ, ರಾಡಿ ನೀರು

ಬಗೆದು ಬಿಟ್ಟ ನೆಲದ ಮೇಲೆ ಬೀಳುವ ಜೋರು ಮಳೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 5 ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಅಪ್ಪಳಿಸುತ್ತದೆ. ಹುಲ್ಲಿದ್ದರೆ ಆ ಪೆಟ್ಟು ಎಲೆಗಳ ಮೇಲೆಯೇ ಕಳೆದುಹೋಗುತ್ತದೆ. ಇಲ್ಲದಿದ್ದರೆ ಹೆಂಟೆ ಒಡೆದು, ಸಿಡಿದ ನುಣುಪು ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿ, ಇಂಗಬೇಕಿದ್ದ ನೀರು ಮೇಲೆಯೇ ಹರಿದು ಕೊರಕಲು ಕೊರೆಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಕಾಮಗಾರಿ ಸ್ಥಳದಿಂದ ಕೊಚ್ಚಿಹೋಗುವ ಮಣ್ಣು ಕೃಷಿಭೂಮಿಯಿಂದ ಹೋಗುವುದರ 10ರಿಂದ 20 ಪಟ್ಟು, ಕಾಡಿನಿಂದ ಹೋಗುವುದರ 1,000ದಿಂದ 2,000 ಪಟ್ಟು. ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ರಮಾಣಪತ್ರದಲ್ಲಿ ಇದನ್ನು ತಡೆದದ್ದಕ್ಕೆ ಒಂದು ಅಂಕವೂ ಇರಲಿಲ್ಲ; ತಡೆಯದಿದ್ದರೆ ಮಾತ್ರ ಪ್ರಮಾಣಪತ್ರವೇ ಇಲ್ಲ ಎಂಬ ಕಡ್ಡಾಯ ಷರತ್ತಾಗಿ ಅದು ಬಹುಕಾಲದಿಂದ ಉಳಿದುಬಂದಿದೆ.

ಅಂಚಿನಲ್ಲಿ ಬಟ್ಟೆಯ ಬೇಲಿ ಕಟ್ಟಿ, ತಗ್ಗಿನಲ್ಲಿ ರಾಡಿ ನೀರು ನಿಂತು ಮಣ್ಣು ತಳ ಸೇರುವ ಹೂಳುಗುಂಡಿ ತೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬೇಲಿ ಜರಡಿಯಲ್ಲ, ನೀರನ್ನು ತುಸು ಹೊತ್ತು ನಿಲ್ಲಿಸುವ ಪುಟ್ಟ ಅಣೆ. ಬಟ್ಟೆಯ ಕೆಳಅಂಚನ್ನು ಗೇಣುದ್ದವಾದರೂ ಹೂಳದೆ ಬಿಟ್ಟರೆ ನೀರು ಅಡಿಯಿಂದ ನುಸುಳಿ ಹೋಗುತ್ತದೆ, ಬಟ್ಟೆ ಮಾತ್ರ ಒಣಗಿ ಚೊಕ್ಕಟವಾಗಿ ನಿಂತಿರುತ್ತದೆ. ಗುಂಡಿಯ ಮಿತಿಯನ್ನು ಭೌತವಿಜ್ಞಾನಿ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರವೇ ಹೇಳುತ್ತದೆ: ಕಣದ ವ್ಯಾಸ ಅರ್ಧವಾದರೆ ಅದು ತಳ ಸೇರುವ ವೇಗ ಕಾಲು ಭಾಗಕ್ಕಿಳಿಯುತ್ತದೆ. ನಿಂತ ನೀರಿನಲ್ಲಿ 0.1 ಮಿಲಿಮೀಟರ್ ಮರಳು ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು, 0.002 ಮಿಲಿಮೀಟರ್ ಜೇಡಿಗೆ ಮೂರು ದಿನಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಸಾಮಾನ್ಯ ಗುಂಡಿ ಮಳೆನೀರನ್ನು ಹಿಡಿದಿಡಲಾರದು. ಎದ್ದ ಜೇಡಿಯನ್ನು ಹಿಡಿಯುವುದಕ್ಕಿಂತ ಏಳದಂತೆ ನೋಡಿಕೊಳ್ಳುವುದೇ ಸುಲಭ.

ಹಂತ ಹಂತವಾಗಿ ಕಟ್ಟುವುದರ ನಿಜವಾದ ಲಾಭ ಇಲ್ಲಿದೆ. ಇಡೀ ಜಾಗವನ್ನು ಒಮ್ಮೆಗೇ ಬೋಳಿಸದೆ, ಕೆಲಸ ನಡೆಯುವಷ್ಟನ್ನೇ ತೆರೆದು, ಮುಗಿದದ್ದನ್ನು ಒಡನೆ ಒಣಹುಲ್ಲಿನಿಂದ ಹೊದಿಸಿ ಬೀಜ ಬಿತ್ತಬೇಕು. 14 ದಿನ ಅಥವಾ ಹೆಚ್ಚು ಕಾಲ ಕೆಲಸ ನಿಲ್ಲುವ ನೆಲಕ್ಕೆ ರಕ್ಷಣೆ ಒದಗಿಸಬೇಕೆಂದು ಕಾಮಗಾರಿಗಳಿಗೆ ಕೊಡುವ ಅಮೆರಿಕದ ಒಕ್ಕೂಟ ಸರ್ಕಾರದ ಪರವಾನಗಿ ವಿಧಿಸುತ್ತದೆ. ಆದರೆ ಪ್ರತಿ ಹಂತದಲ್ಲೂ ಇಳಿಜಾರು ಬದಲಾಗಿ ನೀರಿನ ದಾರಿಯೂ ಬದಲಾಗುತ್ತದೆ. ಮೊದಲ ಹಂತದ ಹೂಳುಗುಂಡಿ ಇದ್ದಲ್ಲೇ ಎರಡನೆಯ ಹಂತದ ಅಡಿಪಾಯ ಬರಬಹುದು. ಬೇಲಿ, ಗುಂಡಿಗಳ ಒಂದೇ ನಕ್ಷೆಯನ್ನು ಕೊನೆಯವರೆಗೂ ಗೋಡೆಗೆ ಅಂಟಿಸಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ನಕ್ಷೆಯೇ ಇಲ್ಲದಿರುವುದಕ್ಕಿಂತ ಅಪಾಯಕರ, ಏಕೆಂದರೆ ಆಗ ಯಾರೂ ನೆಲವನ್ನು ನೋಡುವುದಿಲ್ಲ.

ಹಸಿರು ಕಟ್ಟಡಗಳಿಗೆ ಇನ್ನೊಂದು ತೊಡಕಿದೆ. ನೀರಿಂಗಿಸುವ ತೋಟ, ನೀರು ಸೋಸುವ ನೆಲಹಾಸು ಮೊದಲಾದವನ್ನು ಮೊದಲ ಹಂತದಲ್ಲೇ ಮುಗಿಸಿದರೆ, ಮೇಲಿನ ಭಾಗದಲ್ಲಿ ಮುಂದೆ ಅಗೆಯುವ ಮಣ್ಣಿನ ಜೇಡಿ ಬಂದು ಅವುಗಳ ಸಂದುಗಳನ್ನು ಕಟ್ಟುತ್ತದೆ; ಲಾರಿ ಓಡಾಡಿದರಂತೂ ಅಡಿಯ ಮಣ್ಣು ಗಟ್ಟಿಯಾಗಿ ನೀರು ಕುಡಿಯುವುದನ್ನೇ ಮರೆಯುತ್ತದೆ. ಆದ್ದರಿಂದ ಆ ಜಾಗಕ್ಕೆ ಮೊದಲ ದಿನವೇ ಬೇಲಿ ಹಾಕಿ, ಅಲ್ಲಿಯೇ ತಾತ್ಕಾಲಿಕ ಹೂಳುಗುಂಡಿ ಮಾಡಲೇಬೇಕಾಗಿ ಬಂದರೆ ಅಂತಿಮ ತಳಕ್ಕಿಂತ ಮೇಲೆಯೇ ಅಗೆತ ನಿಲ್ಲಿಸಬೇಕು. ಮೇಲಿನ ಇಳಿಜಾರಿನಲ್ಲೆಲ್ಲ ಹುಲ್ಲು ಬೇರುಬಿಟ್ಟ ಮೇಲೆ, ಕೂತ ಹೂಳಿನೊಂದಿಗೆ ಉಳಿದ ಪದರವನ್ನೂ ತೆಗೆದು, ಕೆಳಗಿನ ತಾಜಾ ಮಣ್ಣಿನ ಮೇಲೆ ತೋಟ ಮಾಡಬೇಕು.