‘ದಿ ವಿಚ್’ ಚಿತ್ರದ ಕಥೆ ನಿಜವಾಗಿ ನಡೆದದ್ದೇ?

ಪ್ರಶ್ನೆ: ‘ದಿ ವಿಚ್’ ನೋಡಿದೆ. ಸಂಭಾಷಣೆಯ ಬಹುಭಾಗ ಹಳೆಯ ದಾಖಲೆಗಳದ್ದು ಎಂಬ ಒಕ್ಕಣೆ ಕೊನೆಯಲ್ಲಿ ಬರುತ್ತದೆ. ಹಾಗಾದರೆ ಇದು ಮಾಟಗಾತಿಯರ ವಿಚಾರಣೆಗೆ ಹೆಸರಾದ ಅಮೆರಿಕದ ಸೇಲಂ ಪಟ್ಟಣದ ಕಥೆಯೇ?

ಉತ್ತರ: ಅಲ್ಲ. ರಾಬರ್ಟ್ ಎಗ್ಗರ್ಸ್ ನಿರ್ದೇಶಿಸಿದ 2015ರ ಈ ಚಿತ್ರದಲ್ಲಿ ಕಾಡಿನಂಚಿಗೆ ಬಂದು ನೆಲೆಸುವ ಕುಟುಂಬ ಪೂರ್ತಿ ಕಲ್ಪಿತ. ಕಥೆಯ ಕಾಲ 1630ರ ದಶಕ. ಸೇಲಂ ವಿಚಾರಣೆಗಳು ನಡೆದದ್ದು 1692ರಲ್ಲಿ.

ಆದರೆ ಒಕ್ಕಣೆ ಸುಳ್ಳಲ್ಲ. ಘಟನೆ ಕಟ್ಟಿದ್ದು, ಭಯ ಮಾತ್ರ ಆ ಕಾಲದ್ದೇ. ಯಾರಿಗೆ ಸ್ವರ್ಗ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ಗೊತ್ತುಮಾಡಿದ್ದಾನೆ, ಪುಣ್ಯಕಾರ್ಯದಿಂದ ಅದನ್ನು ತಿದ್ದಲಾಗದು ಎಂದು ಪ್ಯೂರಿಟನ್ನರು, ಅಂದರೆ ಆ ಕುಟುಂಬದಂತೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದ ಕಟ್ಟಾ ಕ್ರೈಸ್ತರು, ನಂಬಿದ್ದರು. ಕಾಣೆಯಾದ ಹಸುಗೂಸು ನರಕಕ್ಕೆ ಹೋಯಿತೇ ಎಂದು ಬಾಲಕ ಕೇಲಬ್ ಕೇಳಿದಾಗ ಅಪ್ಪ ‘ಇಲ್ಲ ಮಗು’ ಎನ್ನಲಾರ. ಅದು ದೇವರಿಗೊಬ್ಬನಿಗೇ ಗೊತ್ತು, ಅಷ್ಟೆ. ಕಾಡಿನ ಮುದಿ ಮಾಟಗಾತಿಗಿಂತ ಈ ಉತ್ತರವೇ ನನ್ನನ್ನು ಹೆಚ್ಚು ಕಂಗೆಡಿಸಿತು.

ಹೊಳೆದಂಡೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕಾಟ ಕೊಡುವ ತಂಗಿಯ ಬಾಯಿ ಮುಚ್ಚಿಸಲು ಹಿರಿಯ ಮಗಳು ಥಾಮಸಿನ್ ‘ನಾನೇ ಮಾಟಗಾತಿ’ ಎಂದು ಹೆದರಿಸುತ್ತಾಳೆ. ಮುಂದೆ ಅದೇ ಮಾತು ಅವಳ ವಿರುದ್ಧ ಸಾಕ್ಷಿ. ಅತ್ತ ಹೆಂಡತಿಯ ಬೆಳ್ಳಿ ಬಟ್ಟಲನ್ನು ಗುಟ್ಟಾಗಿ ಮಾರಿದ ಅಪ್ಪ, ಮಗಳ ಮೇಲೆ ಅನುಮಾನ ಬಿದ್ದಾಗ ತುಟಿ ಬಿಚ್ಚುವುದಿಲ್ಲ. ದೇವಭಕ್ತನಂತೆ, ಪಾಪ!

ನಿಜವಾದ ಪ್ರಕರಣಗಳೂ ಇಂಥ ಮಾತುಗಳಿಂದಲೇ ಬೆಳೆದವು. ಬಾಸ್ಟನ್ನಿನಲ್ಲಿ 1648ರಲ್ಲಿ ಗಲ್ಲಿಗೇರಿದ ಮಾರ್ಗರೆಟ್ ಜೋನ್ಸ್ ನಾಟಿ ಮದ್ದು ಕೊಡುತ್ತಿದ್ದವಳು. ತನ್ನ ಮದ್ದು ಒಲ್ಲದವರಿಗೆ ಕಾಯಿಲೆ ವಾಸಿಯಾಗದು ಎನ್ನುತ್ತಿದ್ದಳಂತೆ. ವಾಸಿಯಾಗದಿದ್ದಾಗ ಆ ಮಾತೇ ಅವಳ ಕೊರಳಿಗೆ ಸುತ್ತಿಕೊಂಡಿತು. ಅವಳು ಸತ್ತ ಹೊತ್ತಿಗೇ ಕನೆಕ್ಟಿಕಟ್‌ನಲ್ಲಿ ಭಾರಿ ಬಿರುಗಾಳಿ ಎದ್ದಿತೆಂದು ಗವರ್ನರ್ ಜಾನ್ ವಿಂಥ್ರೋಪ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮರ ಉರುಳಿಸುವ ಗಾಳಿಗೂ ಅವರಿಗೆ ಒಬ್ಬ ಹೆಂಗಸು ಬೇಕಿತ್ತು.

ಹಾಗೆಯೇ, ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರು ಎಂದು ಹಲವರು ಹೇಳುತ್ತಾರೆ. ಯಾರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನಂತೆ 19 ಜನರನ್ನು ನೇಣಿಗೆ ಹಾಕಿದರು. ಅವರಲ್ಲಿ ಐವರು ಗಂಡಸರು.

ಮತ್ತೆ ನೋಡುವುದಾದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಅಪ್ಪನ ಯಾರ್ಕ್‌ಷೈರ್ ಉಚ್ಚಾರ ಸುಲಭಕ್ಕೆ ಕಿವಿಗೆ ದಕ್ಕುವುದಿಲ್ಲ. ಒಳಾಂಗಣದ ರಾತ್ರಿ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಚಿತ್ರೀಕರಿಸಿರುವುದರಿಂದ, ಹಗಲು ಬಸ್ಸಿನಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡಿದರೆ ನಿಮ್ಮ ಮುಖವೇ ಕಂಡೀತು.