ಎಥ್ನಿಕ್ ಸ್ಟಡೀಸ್, ಜೆಂಡರ್ ಸ್ಟಡೀಸ್ ಓದಿದವರ ಸಾಲ-ಸಂಬಳ: ಅಂಕಿಗಳನ್ನು ಬಿಡಿಸಿ ನೋಡೋಣ

ಅಮೆರಿಕದಲ್ಲಿ ಎಥ್ನಿಕ್ ಸ್ಟಡೀಸ್ (ಜನಾಂಗೀಯ ಸಮುದಾಯಗಳ ಅಧ್ಯಯನ), ಜೆಂಡರ್ ಸ್ಟಡೀಸ್ (ಲಿಂಗತ್ವದ ಅಧ್ಯಯನ) ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳಿಬರುತ್ತದೆ: ಸಾಲ ಜಾಸ್ತಿ, ಸಂಬಳ ಕಡಿಮೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನಾದರೆ ಅರ್ಧ ಅಂಕ ಕೊಡುತ್ತೇನೆ. ಸಂಬಳದ ಮಾತು ಸುಮಾರಾಗಿ ಸರಿ. ಸಾಲದ್ದು ಹಾಗಲ್ಲ.

ಹಿನ್ನೆಲೆ ಬೇಗ ಮುಗಿಸೋಣ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ಅದು ತಿಂಗಳುಗಟ್ಟಲೆ ನಡೆಯಿತು, 1969ರಲ್ಲಿ ಅಲ್ಲಿ ಎಥ್ನಿಕ್ ಸ್ಟಡೀಸ್ ಶುರುವಾಯಿತು. ಮರುವರ್ಷ ಸ್ಯಾನ್ ಡಿಯಾಗೋ ಸ್ಟೇಟ್‌ನಲ್ಲಿ ಮಹಿಳಾ ಅಧ್ಯಯನ. ಈಗ ಸರ್ಕಾರದ ವಿಷಯಪಟ್ಟಿಯಲ್ಲಿ ಇವೆಲ್ಲ ಕೋಡ್ 05ರ ಕೆಳಗೆ ಬರುತ್ತವೆ. ಏಷ್ಯಾ, ಲ್ಯಾಟಿನ್ ಅಮೆರಿಕದಂಥ ಪ್ರದೇಶಗಳ ಅಧ್ಯಯನವೂ ಅದೇ ಗುಂಪಿನಲ್ಲಿದೆ. ಹಾಗಾಗಿ 'ಈ ಗುಂಪಿನ ಸಂಬಳ ಇಷ್ಟು' ಎಂದು ಯಾರಾದರೂ ಹೇಳಿದರೆ, ಯಾವ ಕೋಡ್ ಎಂದು ಮೊದಲು ಕೇಳಿ. ಇಡೀ ಗುಂಪು ಸೇರಿದರೂ ದೇಶದ ಒಟ್ಟು ಬ್ಯಾಚುಲರ್ ಪದವಿಗಳಲ್ಲಿ ಶೇ 1ರಷ್ಟೂ ಆಗುವುದಿಲ್ಲ.

ಅಂಕಿ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಶಿಕ್ಷಣ ಇಲಾಖೆಯ 'ಕಾಲೇಜ್ ಸ್ಕೋರ್‌ಕಾರ್ಡ್'ನಿಂದ. ಈಗಿನ ರೂಪದಲ್ಲಿ ಇದು 2015ರಲ್ಲಿ ಬಂತು. ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಸಂಬಳ, ಸಾಲ ಬೇರೆ ಬೇರೆಯಾಗಿ ಸಿಗುವುದು 2019ರಿಂದ. ಕೊಡುವುದು ಮಧ್ಯಾಂಕ (ಎಲ್ಲರನ್ನೂ ಕ್ರಮವಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಅಂಕಿ), ಸರಾಸರಿ ಅಲ್ಲ.

ಈಗ ಸಾಲ. ಇಲ್ಲಿ ಸ್ವಲ್ಪ ನಿಧಾನಿಸಿ. ತಂದೆ-ತಾಯಿಯ ಆಸರೆಯಲ್ಲಿ ಓದುವ ವಿದ್ಯಾರ್ಥಿಗೆ ಅಮೆರಿಕದ ಕೇಂದ್ರ ಸರ್ಕಾರ ವಿದ್ಯಾರ್ಥಿಯ ಹೆಸರಿನಲ್ಲೇ ಕೊಡುವ ಸಾಲಕ್ಕೆ ಮಿತಿ ಇದೆ: ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ ಕೂಡಿಸಿದರೆ 27,000. ಐದನೇ ವರ್ಷಕ್ಕೆ ಎಳೆದರೂ ಒಟ್ಟು 31,000 ದಾಟುವಂತಿಲ್ಲ. ಈ ಮಿತಿ ನೀವು ಜೆಂಡರ್ ಸ್ಟಡೀಸ್ ಓದಿದರೂ ಅಷ್ಟೇ, ಕಂಪ್ಯೂಟರ್ ಸೈನ್ಸ್ ಓದಿದರೂ ಅಷ್ಟೇ. ಅಂದರೆ ಸ್ಕೋರ್‌ಕಾರ್ಡ್‌ನ ಸಾಲದ ಅಂಕಿ ವಿಷಯದಿಂದ ವಿಷಯಕ್ಕೆ ಹೆಚ್ಚು ಜಗ್ಗಲು ಜಾಗವೇ ಇಲ್ಲ. ಅಲ್ಲಿ ವ್ಯತ್ಯಾಸ ತರುವುದು ಕಾಲೇಜಿನ ಫೀಸು, ಮನೆಯ ಹಣಕಾಸು, ಓದು ಮುಗಿಯಲು ಹಿಡಿದ ವರ್ಷಗಳು. ಇನ್ನೊಂದು ಮಾತು: ತಂದೆ-ತಾಯಿ ತಮ್ಮ ಹೆಸರಿನಲ್ಲಿ ತೆಗೆಯುವ 'ಪೇರೆಂಟ್ ಪ್ಲಸ್' ಸಾಲ, ಖಾಸಗಿ ಬ್ಯಾಂಕಿನ ಸಾಲ ಈ ಅಂಕಿಯಲ್ಲಿ ಸೇರಿಲ್ಲ. ಮನೆಯ ಮೇಲಿನ ನಿಜವಾದ ಹೊರೆ ಇದಕ್ಕಿಂತ ದೊಡ್ಡದಿರಬಹುದು.

ಒಂದು ಲೆಕ್ಕ ಮಾಡಿ ನೋಡೋಣ. 27,000 ಡಾಲರ್ ಸಾಲ, ಬಡ್ಡಿ ಶೇ 5.5 (2023-24ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇದ್ದ ದರ), ಹತ್ತು ವರ್ಷದ ಕಂತು. ತಿಂಗಳಿಗೆ ಸುಮಾರು 293 ಡಾಲರ್, ವರ್ಷಕ್ಕೆ ಸುಮಾರು 3,500. ವರ್ಷಕ್ಕೆ 32,000 ದುಡಿಯುವವರಿಗೆ ಇದು ಆದಾಯದ ಶೇ 11. 45,000 ಇದ್ದರೆ ಶೇ 8ರ ಒಳಗೆ. 80,000 ಇದ್ದರೆ ಶೇ 4ರ ಆಸುಪಾಸು. ಈ ಸಂಬಳಗಳು ಸುಮ್ನೆ ಉದಾಹರಣೆಗೆ ಹಾಕಿದ್ದು. ಸಾಲ ಅಲ್ಲಾಡಲೇ ಇಲ್ಲ, ಹೊರೆ ಮಾತ್ರ ಎರಡೂವರೆ ಪಟ್ಟು ಬದಲಾಯಿತು, ನೋಡಿದಿರಾ? ಶೇ 8 ಎನ್ನುವ ಗೆರೆಯೂ ಸುಮ್ನೆ ಬಂದಿದ್ದಲ್ಲ, 2023ರ ಕೇಂದ್ರ ನಿಯಮದಲ್ಲಿ ವಾರ್ಷಿಕ ಆದಾಯದ ಎದುರು ಕಂತನ್ನು ಅಳೆಯಲು ಬಳಸಿದ್ದು ಅದನ್ನೇ.

ಈ ವಿಷಯಗಳನ್ನು ಓದಿದವರು ಶಾಲೆ, ಸರ್ಕಾರಿ ಕಚೇರಿ, ಲಾಭರಹಿತ ಸಂಸ್ಥೆಗೆ ಸೇರಿದರೆ 2007ರ ಕಾನೂನಿನ ಸಾಲಮನ್ನಾ ಇದೆ: 120 ಕಂತು ಕಟ್ಟಿದ ಮೇಲೆ ಉಳಿದದ್ದು ಮನ್ನಾ. ಆದರೆ ಮೇಲಿನ ಹತ್ತು ವರ್ಷದ ಕಂತು ಎಷ್ಟು ತಿಂಗಳು? 120. ಅಷ್ಟೊತ್ತಿಗೆ ಮನ್ನಾ ಮಾಡಲು ಏನೂ ಉಳಿದಿರುವುದಿಲ್ಲ! ಆದಾಯ ನೋಡಿ ಕಂತು ಕಡಿಮೆ ಮಾಡುವ ಯೋಜನೆಗೆ ಸೇರಿದವರಿಗಷ್ಟೇ ಇದರಿಂದ ಲಾಭ. ಇದು ತುಂಬಾ ಜನರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಸಂಬಳದ ಅಂಕಿ. ಕೇಂದ್ರದ ನೆರವು ಅಥವಾ ಸಾಲ ಪಡೆದವರು ಮಾತ್ರ ಈ ಎಣಿಕೆಯಲ್ಲಿರುತ್ತಾರೆ. ಅಳೆಯುವ ಹೊತ್ತಿಗೆ ಇನ್ನೂ ಓದುತ್ತಿರುವವರನ್ನು ಬಿಡುತ್ತಾರೆ, ಅಂದರೆ ಲಾ ಸ್ಕೂಲಿಗೋ ಸಮಾಜಕಾರ್ಯದ ಮಾಸ್ಟರ್ಸ್‌ಗೋ ಹೋದವರು ಲೆಕ್ಕಕ್ಕಿಲ್ಲ. ಉಳಿಯುವವರು ಪದವಿ ಮುಗಿಸಿ ನೇರ ಕೆಲಸಕ್ಕೆ ಸೇರಿದವರು. ಚಿಕ್ಕ ವಿಭಾಗಗಳಲ್ಲಿ ಖಾಸಗಿತನ ಕಾಪಾಡಲು ಅಂಕಿಯನ್ನೇ ಮುಚ್ಚಿಡುತ್ತಾರೆ, ಈ ವಿಷಯಗಳ ವಿಭಾಗಗಳು ಹೆಚ್ಚಾಗಿ ಚಿಕ್ಕವೇ. ಹಾಗಾಗಿ ಮೊದಲ ವರ್ಷದ ಸಂಬಳ ನೋಡಿ ಇಡೀ ವೃತ್ತಿಜೀವನದ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಯಾರು ಓದುತ್ತಾರೆ ಎನ್ನುವುದೂ ಮುಖ್ಯ. ಜೆಂಡರ್ ಸ್ಟಡೀಸ್‌ನಲ್ಲಿ ಬಹುಪಾಲು ಹೆಣ್ಣುಮಕ್ಕಳು. ಎಥ್ನಿಕ್ ಸ್ಟಡೀಸ್‌ನಲ್ಲಿ ಕಪ್ಪು, ಲ್ಯಾಟಿನೋ ವಿದ್ಯಾರ್ಥಿಗಳ ಪಾಲು ಬೇರೆ ವಿಷಯಗಳಿಗಿಂತ ಜಾಸ್ತಿ. ಅಮೆರಿಕದಲ್ಲಿ ಪೂರ್ಣಾವಧಿ ಕೆಲಸ ಮಾಡುವ ಗಂಡಸರ ಪ್ರತಿ ಡಾಲರಿಗೆ ಹೆಂಗಸರ ಗಳಿಕೆ 2023ರಲ್ಲಿ ಸುಮಾರು 83 ಸೆಂಟ್ ಇತ್ತು, ಯಾವ ವಿಷಯ ಓದಿದರು ಎಂದು ಕೇಳುವ ಮೊದಲೇ. ಸಾಲದಲ್ಲೂ ಇಂಥದ್ದೇ ಕಥೆ. ಬ್ರೂಕಿಂಗ್ಸ್ ಸಂಸ್ಥೆಯ 2016ರ ಅಧ್ಯಯನದ ಪ್ರಕಾರ ಪದವಿ ಮುಗಿದಾಗ ಕಪ್ಪು ಪದವೀಧರರ ಸಾಲ ಬಿಳಿಯರಿಗಿಂತ ಸುಮಾರು 7,400 ಡಾಲರ್ ಜಾಸ್ತಿ, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಂತರ ಸುಮಾರು 25,000ಕ್ಕೆ ಏರುತ್ತದೆ. ಕಾರಣ ಬೆಳೆದ ಬಡ್ಡಿ, ಮತ್ತು ಉನ್ನತ ಓದಿಗೆ ಮಾಡಿದ ಹೊಸ ಸಾಲ. ಇದನ್ನೆಲ್ಲ ವಿಷಯದ ತಲೆಗೆ ಕಟ್ಟುವುದು ತಪ್ಪು ಲೆಕ್ಕ.

2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಈ ಅಂಕಿಗಳಿಗೆ ಹೊಸ ಬಲ ಕೊಟ್ಟಿದೆ. ಪದವಿ ಮುಗಿಸಿ ನಾಲ್ಕು ವರ್ಷವಾದವರ ಮಧ್ಯಾಂಕ ಗಳಿಕೆಯನ್ನು 25ರಿಂದ 34 ವಯಸ್ಸಿನ, ಹೈಸ್ಕೂಲ್ ಮಾತ್ರ ಓದಿ ದುಡಿಯುವವರ ಗಳಿಕೆಗೆ ಹೋಲಿಸಬೇಕು. ಮೂರು ವರ್ಷಗಳಲ್ಲಿ ಎರಡು ಸಲ ಕೆಳಗೆ ಬಿದ್ದರೆ ಆ ಕೋರ್ಸಿಗೆ ಕೇಂದ್ರದ ಸಾಲ ನಿಲ್ಲುತ್ತದೆ. ಗಮನಿಸಿ, ಈ ಪರೀಕ್ಷೆಯಲ್ಲಿ ಸಾಲದ ಪ್ರಶ್ನೆಯೇ ಇಲ್ಲ, ಗಳಿಕೆ ಮಾತ್ರ.

ಬೆಂಗಳೂರು, ಮೈಸೂರಿನಿಂದ ಅಲ್ಲಿಗೆ ಓದಲು ಹೋಗುವವರು ಸ್ಕೋರ್‌ಕಾರ್ಡ್ ನೋಡಿ ಲೆಕ್ಕ ಹಾಕಬೇಡಿ. ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಕೇಂದ್ರದ ಸಾಲವೇ ಸಿಗುವುದಿಲ್ಲ, ಹಾಗಾಗಿ ಅವರು ಆ ಅಂಕಿಯಲ್ಲಿ ಇಲ್ಲವೇ ಇಲ್ಲ. 27,000ದ ಮಿತಿಯೂ ನಿಮ್ಮನ್ನು ಕಾಯುವುದಿಲ್ಲ, ಇಲ್ಲಿನ ಬ್ಯಾಂಕಿನ ಸಾಲ ಫೀಸು ಹೋದಷ್ಟೂ ಮೇಲೆ ಹೋಗುತ್ತದೆ. ಮೇಲಾಗಿ ಎಂಜಿನಿಯರಿಂಗ್ ಓದಿದವರಿಗೆ ಪದವಿಯ ನಂತರದ 12 ತಿಂಗಳ ಕೆಲಸದ ಅನುಮತಿ ಮುಗಿದ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಜೆಂಡರ್ ಸ್ಟಡೀಸ್ ಓದಿದವರಿಗೆ 12 ತಿಂಗಳಷ್ಟೇ.